ಅಡುಗೆಮನೆ ಒಡೆಯುವ ಮುನ್ನ ಒಂದು ಕಡ್ಲಿ ಉಸುಳಿ

ಅಡುಗೆಮನೆಯನ್ನು ಹೊಸದಾಗಿ ಮಾಡಿಸಬೇಕೆಂದು ಮನಸ್ಸು ಮಾಡಿದವರು ಸಾಮಾನ್ಯವಾಗಿ ಮೊದಲು ಹೋಗುವುದು ಟೈಲ್ಸ್ ಅಂಗಡಿಗೆ. ವಿಜಯಪುರದ ನಮ್ಮ ಮನೆಯ ಕೆಲಸ ಹಿಡಿದಾಗ ನಾವು ಮಾಡಿದ್ದೂ ಅದನ್ನೇ. ಬಣ್ಣ ಆರಿಸಿ ಮುಂಗಡವನ್ನೂ ಕೊಟ್ಟು ಬಂದೆವು. ಒಲೆಕಟ್ಟೆಯ ಎತ್ತರ ಎಷ್ಟಿರಬೇಕೆಂದು ಯಾರೂ ಕೇಳಲಿಲ್ಲವಾದ್ದರಿಂದ ಗೌಂಡಿಯವರು ತಮಗೆ ರೂಢಿಯಿದ್ದ 34 ಇಂಚಿಗೆ ಕಟ್ಟಿ ಮುಗಿಸಿದರು. ಎತ್ತರದಲ್ಲಿ ಐದಡಿಯನ್ನೂ ಮುಟ್ಟದ ನಮ್ಮ ಅತ್ತೆಯವರು ಮೂರು ತಿಂಗಳು ಮಣೆಯ ಮೇಲೆ ನಿಂತು ರೊಟ್ಟಿ ಬಡಿದರು, ಕೊನೆಗೆ ಕಟ್ಟೆಯ ಒಂದು ತುದಿಯನ್ನು ಒಡೆಸಿ ತಗ್ಗಿಸಬೇಕಾಯಿತು. ಹೊಸ ಕಲ್ಲು ಒಡೆಯುವ ಸದ್ದು ಕೇಳಿಸಿಕೊಳ್ಳುವುದು ಹಣ ಕೊಡುವುದಕ್ಕಿಂತ ಕಷ್ಟ.

ಆದ್ದರಿಂದ ಇಲ್ಲಿ ಹೇಳುವ ಕ್ರಮ ತಿರುಗುಮುರುಗಾಗಿದೆ: ಮೊದಲು ಅಡುಗೆ, ಆಮೇಲೆ ಅಳತೆ, ಕಡೆಗೆ ಅಂಗಡಿ. ಅಡುಗೆಗೆ ಕಡಲೆಯನ್ನು ಆರಿಸಿಕೊಳ್ಳಲು ಎರಡು ಕಾರಣಗಳಿವೆ. ನಮ್ಮ ಎರೆಹೊಲಗಳಲ್ಲಿ ಹಿಂಗಾರಿಗೆ ಬೆಳೆಯುವ ಕಡಲೆ ವರ್ಷಪೂರ್ತಿ ಮನೆಯ ಡಬ್ಬಿಯಲ್ಲಿರುತ್ತದೆ. ಜೊತೆಗೆ ಅದನ್ನು ಆರಿಸಿ, ತೊಳೆದು, ನೆನೆಸಿ, ಕುದಿಸಿ, ಬಸಿದು, ಒಗ್ಗರಣೆ ಕೊಟ್ಟು ಬಡಿಸುವಷ್ಟರಲ್ಲಿ ಅಡುಗೆಮನೆಯ ಪ್ರತಿಯೊಂದು ಮೂಲೆಯನ್ನೂ ಒಮ್ಮೆ ಮುಟ್ಟಿ ಬರಬೇಕಾಗುತ್ತದೆ. ಆ ಓಡಾಟವನ್ನು ಒಬ್ಬರು ಕಾಗದದ ಮೇಲೆ ಬರೆದುಕೊಂಡರೆ ಹೊಸ ಅಡುಗೆಮನೆಯ ಅರ್ಧ ನಕ್ಷೆ ಸಿದ್ಧವಾದಂತೆಯೇ.

ಉಸುಳಿ ಮಾಡುತ್ತ ಅಳತೆ

ರಾತ್ರಿ ಒಂದು ಬಟ್ಟಲು, ಅಂದರೆ ಸುಮಾರು 200 ಗ್ರಾಂ ಕೆಂಪು ಕಡಲೆಯನ್ನು ಆರಿಸಿ, ಎರಡು ಸಲ ತೊಳೆದು, ನಾಲ್ಕು ಬಟ್ಟಲು ನೀರಿನಲ್ಲಿ ನೆನೆಹಾಕಬೇಕು. ಎಂಟರಿಂದ ಹತ್ತು ಗಂಟೆಗಳಲ್ಲಿ ಅದು ಉಬ್ಬಿ ಹೆಚ್ಚುಕಡಿಮೆ ಎರಡರಷ್ಟಾಗುತ್ತದೆ. ಬರೆದುಕೊಳ್ಳುವವರು ಈ ಹಂತದಿಂದಲೇ ಗಮನಿಸಬೇಕು: ಡಬ್ಬಿ ಎಲ್ಲಿತ್ತು, ಅದನ್ನು ತೆಗೆಯಲು ಬಾಗಬೇಕಾಯಿತೆ ಅಥವಾ ಸ್ಟೂಲು ಹತ್ತಬೇಕಾಯಿತೆ, ಹರಳು ಆರಿಸಲು ಬೆಳಕು ಸಾಕಾಯಿತೆ, ನೆನೆಹಾಕಿದ ಪಾತ್ರೆ ರಾತ್ರಿಯಿಡೀ ಯಾರ ಕೈಗೂ ಅಡ್ಡವಾಗದೆ ಕೂರಲು ಜಾಗವಿತ್ತೆ.

ಬೆಳಿಗ್ಗೆ ನೆನೆದ ನೀರನ್ನು ಬಸಿದು, ಕುಕ್ಕರಿಗೆ ಹಾಕಿ, ಕಡಲೆಯ ಮೇಲೆ ಒಂದಿಂಚು ನಿಲ್ಲುವಷ್ಟು ಹೊಸ ನೀರು ಮತ್ತು ಅರ್ಧ ಚಮಚ ಉಪ್ಪು ಸೇರಿಸಬೇಕು. ಮೊದಲ ಸೀಟಿ ಬಂದ ಮೇಲೆ ಉರಿಯನ್ನು ಸಣ್ಣಗೆ ಮಾಡಿ ಹದಿನೈದು ನಿಮಿಷ ಬಿಟ್ಟು, ಆರಿಸಿ, ಆವಿ ತಾನಾಗಿ ಇಳಿಯುವವರೆಗೆ ಕಾಯಬೇಕು. ಎರಡು ಬೆರಳ ನಡುವೆ ಒತ್ತಿದರೆ ಕಾಳು ಹಿಟ್ಟಾಗಬೇಕು, ಆದರೆ ಸಿಪ್ಪೆ ಕಳಚಿಕೊಂಡಿರಬಾರದು. ಬಾಣಲೆಯಲ್ಲಿ ಎರಡು ಚಮಚ ಶೇಂಗಾ ಎಣ್ಣೆ ಕಾಯಿಸಿ, ಸಾಸಿವೆ, ಜೀರಿಗೆ, ಕರಿಬೇವು, ಜಜ್ಜಿದ ಐದು ಎಸಳು ಬೆಳ್ಳುಳ್ಳಿ, ಸೀಳಿದ ಮೂರು ಹಸಿಮೆಣಸಿನಕಾಯಿ ಮತ್ತು ಹೆಚ್ಚಿದ ಒಂದು ಉಳ್ಳಾಗಡ್ಡಿಯನ್ನು ಕ್ರಮವಾಗಿ ಹಾಕಿ ಬಾಡಿಸಿ, ಚಿಟಿಕೆ ಅರಿಷಿಣ ಸೇರಿಸಿ, ಬೆಂದ ಕಡಲೆಯನ್ನು ನಾಲ್ಕು ಚಮಚ ಬೆಂದ ನೀರಿನೊಂದಿಗೆ ಹಾಕಬೇಕು. ಅಡಿಕೆ ಗಾತ್ರದ ಬೆಲ್ಲ ಹಾಕಿ, ನೀರು ಇಂಗಿದ ಮೇಲೆ ಒಂದು ಚಮಚ ಗುರೆಳ್ಳಿನ (ಹುಚ್ಚೆಳ್ಳಿನ) ಪುಡಿ ಉದುರಿಸಿ ಇಳಿಸಿ, ಕೊತ್ತಂಬರಿ ಮತ್ತು ಲಿಂಬೆರಸವನ್ನು ಉರಿ ಆರಿಸಿದ ನಂತರವೇ ಸೇರಿಸಬೇಕು. ಗುರೆಳ್ಳು ಇಲ್ಲದ ಉಸುಳಿಯೂ ಉಸುಳಿಯೇ, ಆದರೆ ಈ ಭಾಗದವರು ಒಪ್ಪುವುದು ಕಷ್ಟ.

ನಮ್ಮ ಮನೆಯ ಕಾಗದದಲ್ಲಿ ಮೂರು ಸಂಗತಿಗಳು ಎದ್ದು ಕಂಡವು. ಫ್ರಿಜ್ಜು ಪಡಸಾಲೆಯಲ್ಲಿದ್ದುದರಿಂದ ಮೆಣಸಿನಕಾಯಿಗೆ ಒಮ್ಮೆ, ಕೊತ್ತಂಬರಿಗೆ ಒಮ್ಮೆ, ಲಿಂಬೆಗೆ ಒಮ್ಮೆ ಹೊರಗೆ ಹೋಗಿ ಬರಬೇಕಾಗಿತ್ತು. ಕುಕ್ಕರು ಸಿಂಕಿನೊಳಗೆ ಹಿಡಿಸದ್ದರಿಂದ ಬಚ್ಚಲಿಗೆ ಒಯ್ದು ಬಸಿಯುತ್ತಿದ್ದೆವು. ಮಿಕ್ಸರಿನ ಪ್ಲಗ್ಗು ಒಲೆಗೆ ತಗುಲಿಕೊಂಡೇ ಇತ್ತು. ಟೈಲ್ಸಿನ ಬಣ್ಣಕ್ಕೂ ಈ ಮೂರಕ್ಕೂ ಸಂಬಂಧವಿರಲಿಲ್ಲ. ಇದೇ ಪರೀಕ್ಷೆಯನ್ನು ರೊಟ್ಟಿ ಮಾಡುವ ದಿನವೂ ಹೋಳಿಗೆ ಮಾಡುವ ದಿನವೂ ಒಮ್ಮೊಮ್ಮೆ ನಡೆಸಿದರೆ ಚಿತ್ರ ಪೂರ್ಣವಾಗುತ್ತದೆ.

ಕಡಲೆ ಬೇಯದಿದ್ದರೆ ನಲ್ಲಿಯನ್ನು ನೋಡಿ

ಹತ್ತು ಗಂಟೆ ನೆನೆಸಿ, ಅರ್ಧ ಗಂಟೆ ಕುದಿಸಿದರೂ ಕಡಲೆ ಗಟ್ಟಿಯಾಗಿಯೇ ಉಳಿದರೆ ಎರಡು ಕಾರಣಗಳಿರಬಹುದು. ಕಾಳು ಹಳೆಯದಾಗಿ, ಬಿಸಿ ಜಾಗದಲ್ಲಿ ಬಹಳ ದಿನ ಕೂತಿರಬಹುದು. ಇಲ್ಲವೆ ನೀರು ಗಡಸಾಗಿರಬಹುದು. ಗಡಸು ನೀರಿನಲ್ಲಿರುವ ಕ್ಯಾಲ್ಸಿಯಂ ಮತ್ತು ಮೆಗ್ನೀಸಿಯಂ ಕಾಳಿನ ಜೀವಕೋಶಗಳನ್ನು ಹಿಡಿದಿಟ್ಟಿರುವ ಪೆಕ್ಟಿನ್ ಎಂಬ ಅಂಟಿಗೆ ಸೇರಿಕೊಂಡು ಅದನ್ನು ಕರಗಲು ಬಿಡುವುದಿಲ್ಲ. ನೆನೆಹಾಕುವ ನೀರಿಗೆ ಒಂದು ಬಟ್ಟಲು ಕಡಲೆಗೆ ಕಾಲು ಚಮಚದಂತೆ ಅಡುಗೆ ಸೋಡಾ ಬೆರೆಸಿದರೆ ಆ ಹಿಡಿತ ಸಡಿಲಾಗುತ್ತದೆ. ಹೆಚ್ಚು ಹಾಕಿದರೆ ಮಾತ್ರ ಕಾಳು ಮುದ್ದೆಯಾಗಿ, ಸಾಬೂನಿನಂಥ ರುಚಿ ಬಂದು, ಬಿ ಜೀವಸತ್ವದ ಸ್ವಲ್ಪ ಭಾಗವೂ ನಷ್ಟವಾಗುತ್ತದೆ.

ಸೋಡಾಕ್ಕಿಂತ ಒಳ್ಳೆಯ ಉಪಾಯವನ್ನು ನಳದ ಕೆಲಸದ ಸಮಯದಲ್ಲೇ ಮಾಡಿಕೊಳ್ಳಬಹುದು. ಒಂದೇ ಡಬ್ಬಿಯ ಕಡಲೆಯನ್ನು ಎರಡು ಪಾಲು ಮಾಡಿ, ಒಂದನ್ನು ಬೋರ್ ನೀರಿನಲ್ಲೂ ಇನ್ನೊಂದನ್ನು ಕುಡಿಯುವ ಸಿಹಿ ನೀರಿನಲ್ಲೂ ನೆನೆಸಿ, ಅದೇ ನೀರಿನಲ್ಲಿ ಅಷ್ಟೇ ಹೊತ್ತು ಕುದಿಸಿ ನೋಡಬೇಕು. ವ್ಯತ್ಯಾಸ ಕಂಡರೆ ಸಿಂಕಿನ ಮೇಲೆ ಎರಡು ನಲ್ಲಿ ಇರಲಿ: ಪಾತ್ರೆ ತೊಳೆಯಲು ಬೋರ್ ನೀರಿನದು, ಅಡುಗೆಗೆ ಸಿಹಿ ನೀರಿನದು. ಗೋಡೆಗೆ ಗಿಲಾವು ಮಾಡುವ ಮೊದಲು ಈ ಇನ್ನೊಂದು ಪೈಪಿನ ಖರ್ಚು ಅಲ್ಪ. ಟೈಲ್ಸ್ ಕೂರಿಸಿದ ಮೇಲೆ ಅದೇ ದೊಡ್ಡ ಕೆಲಸ. ನಿತ್ಯ ನೀರು ಬಾರದ ಬಡಾವಣೆಗಳಲ್ಲಿ ಸಿಹಿ ನೀರಿಗೆಂದೇ ಮೇಲೊಂದು ಸಣ್ಣ ಟ್ಯಾಂಕು ಇಡಿಸಿ, ಅದರ ಪೈಪನ್ನು ನೇರ ಈ ನಲ್ಲಿಗೆ ತರಬೇಕು. ಕೊಡ ಮತ್ತು ಹರವಿಗಳಿಗಾಗಿ ಸಿಂಕಿನ ಪಕ್ಕದಲ್ಲಿ ನೆಲದಿಂದ ಒಂದೂವರೆ ಅಡಿ ಎತ್ತರದ ಕಟ್ಟೆಯೊಂದನ್ನು ಬಿಡಬೇಕು.

ಸಿಂಕು 24 ಇಂಚು ಉದ್ದ, 18 ಇಂಚು ಅಗಲ, 9 ಇಂಚು ಆಳವಿದ್ದರೆ ಐದು ಲೀಟರಿನ ಕುಕ್ಕರು ಆರಾಮವಾಗಿ ಮಲಗುತ್ತದೆ. ಉಕ್ಕು 304 ದರ್ಜೆಯದಾಗಿರಲಿ. ಸಿಂಕಿನಿಂದ ಹೊರಹೋಗುವ ಪೈಪು ಪ್ರತಿ 40 ಇಂಚಿಗೆ ಒಂದಿಂಚಿನಂತೆ ಇಳಿಯಬೇಕು, ಮತ್ತು ಸಾಧ್ಯವಾದಷ್ಟು ನೇರವಾಗಿ ಹೋಗಬೇಕು. ಕಡಲೆಹಿಟ್ಟು ಕಲಸಿದ ಪಾತ್ರೆಯನ್ನು ಹಾಗೆಯೇ ತೊಳೆಯುವ ಮನೆಗಳಲ್ಲಿ ತಿರುವಿನ ಬಳಿ ಹಿಟ್ಟು ಗಟ್ಟಿಯಾಗಿ ಪೈಪು ಕಟ್ಟಿಕೊಳ್ಳುವುದು ಸಾಮಾನ್ಯ. ತಿರುವಿನಲ್ಲಿ ಬಿಚ್ಚಿ ತೆಗೆಯಬಹುದಾದ ಮುಚ್ಚಳವನ್ನು ಕೇಳಿ ಹಾಕಿಸಿಕೊಳ್ಳಬೇಕು.

ಗೋಡೆ, ಕಲ್ಲು, ಕಟ್ಟೆ

ಹಳೆಯ ಮಾಳಿಗೆಮನೆಗಳಲ್ಲಿ ಕಲ್ಲುಮಣ್ಣಿನ ದಪ್ಪ ಗೋಡೆಯೇ ಮೇಲಿನ ಭಾರವನ್ನೆಲ್ಲ ಹೊತ್ತಿರುತ್ತದೆ. ಅಡುಗೆಮನೆ ಮತ್ತು ಪಡಸಾಲೆಗಳ ನಡುವಿನ ಗೋಡೆ ತೆಗೆದು ಒಂದೇ ಮಾಡುವ ಆಸೆಯಿದ್ದರೆ, ಎಂಜಿನಿಯರೊಬ್ಬರು ಬಂದು ನೋಡಿ ಬರೆದು ಕೊಡುವವರೆಗೆ ಒಂದು ಕಲ್ಲನ್ನೂ ಕದಲಿಸಬಾರದು. ಅಂಥ ಗೋಡೆಯಲ್ಲಿ ಮೊಳೆ ಭದ್ರವಾಗಿ ನಿಲ್ಲದ ಕಾರಣ ಮೇಲೆ ತೂಗುಹಾಕುವ ಕಪಾಟುಗಳ ಯೋಚನೆಯನ್ನೂ ಬಿಡುವುದು ಲೇಸು. ಗೋಡೆಯಲ್ಲೇ ಇರುವ ಮಾಡಗಳನ್ನು ಮುಚ್ಚಿಸದೆ, ಒಳಗೆ ಕಲ್ಲು ಹಾಸಿ, ಮಸಾಲೆಡಬ್ಬಿಗಳಿಗೆ ಉಪಯೋಗಿಸಬಹುದು. ಬೆಳಕಿಂಡಿಯನ್ನಂತೂ ಮುಚ್ಚಲೇಬಾರದು, ಗಾಜು ಹೊದಿಸಿ, ಬದಿಯಿಂದ ಬಿಸಿಗಾಳಿ ಹೋಗಲು ಜಾಲರಿ ಬಿಡಿಸಿದರೆ ಸಾಕು.

ಕಟ್ಟೆಯ ಎತ್ತರಕ್ಕೆ ಒಂದು ಸರಳ ಲೆಕ್ಕವಿದೆ. ಹೆಚ್ಚು ಹೊತ್ತು ಅಡುಗೆ ಮಾಡುವವರು ನೇರವಾಗಿ ನಿಂತು ಮೊಣಕೈ ಮಡಿಸಬೇಕು. ನೆಲದಿಂದ ಮೊಣಕೈಗಿರುವ ಅಂತರದಲ್ಲಿ ನಾಲ್ಕರಿಂದ ಆರು ಇಂಚು ಕಳೆದರೆ ಹೆಚ್ಚುವ ಮತ್ತು ಕಲಸುವ ಕಟ್ಟೆಯ ಎತ್ತರ ಸಿಗುತ್ತದೆ. ಐದಡಿಯ ಆಸುಪಾಸಿನವರಿಗೆ ಇದು 32 ಇಂಚಿನಷ್ಟಾಗುತ್ತದೆ. ರೊಟ್ಟಿ ಬಡಿಯುವುದು ಬೇರೆಯೇ ಕೆಲಸ: ಅಂಗೈ ಮೇಲಿನಿಂದ ಬೀಳಬೇಕು, ಭುಜದ ಬಲ ಇಳಿಯಬೇಕು. ಅದಕ್ಕೆ 28 ಇಂಚಿಗಿಂತ ಹೆಚ್ಚು ಎತ್ತರ ನಮ್ಮ ಮನೆಯಲ್ಲಿ ಹೊಂದಲಿಲ್ಲ. ಒಲೆಗೂ ಸ್ವತಃ ಐದಾರು ಇಂಚು ಎತ್ತರವಿರುವುದರಿಂದ, ರೊಟ್ಟಿಯ ಜಾಗ ಮತ್ತು ಒಲೆಯ ಜಾಗ ಎರಡನ್ನೂ ಸೇರಿಸಿ ಐದಡಿ ಉದ್ದದ ಭಾಗವನ್ನು ತಗ್ಗಾಗಿ ಕಟ್ಟಿಸಿದರೆ, ಬಡಿದ ರೊಟ್ಟಿಯನ್ನು ಹಂಚಿಗೆ ಹಾಕಲು ತೋಳು ಮೇಲೆತ್ತಬೇಕಾಗುವುದಿಲ್ಲ. ಒಂದು ಎಚ್ಚರಿಕೆ ಬೇಕು: 14.2 ಕೆಜಿ ಸಿಲಿಂಡರು ರೆಗ್ಯುಲೇಟರ್ ಸಮೇತ ಈ ತಗ್ಗು ಕಟ್ಟೆಯ ಕೆಳಗೆ ಸುಲಭವಾಗಿ ಹಿಡಿಸುವುದಿಲ್ಲ, ಅದರ ಜಾಗವನ್ನು ಪಕ್ಕದ ಎತ್ತರದ ಭಾಗದ ಕೆಳಗೆ ಗುರುತಿಸಬೇಕು. ಕೂತು ರೊಟ್ಟಿ ಮಾಡುವ ರೂಢಿಯಿರುವವರು ಕಟ್ಟೆಗಾಗಿ ತಮ್ಮ ರೂಢಿ ಬಿಡಬೇಕಾಗಿಲ್ಲ. ಗೋಡೆಯ ಬದಿ ನಾಲ್ಕಡಿ ಚೌಕದ ನೆಲ ಖಾಲಿ ಬಿಟ್ಟರಾಯಿತು.

ಕಟ್ಟೆಯ ಆಳ 24 ಇಂಚು, ಎದುರುಬದುರು ಎರಡು ಕಟ್ಟೆಗಳಿದ್ದರೆ ನಡುವೆ ಕನಿಷ್ಠ ಮೂರೂವರೆ ಅಡಿ, ಮೇಲಿನ ಕಪಾಟಿಗೂ ಕಟ್ಟೆಗೂ 20 ಇಂಚು: ಇಷ್ಟು ಸಾಕು.

ಕಲ್ಲಿನ ವಿಷಯದಲ್ಲಿ ನಾವು ಅದೃಷ್ಟವಂತರು. ಬಾಗಲಕೋಟೆ ಜಿಲ್ಲೆಯ ಇಳಕಲ್ಲಿನ ಕೆಂಪುಗುಲಾಬಿ ಗ್ರಾನೈಟ್ ಹತ್ತಿರದಲ್ಲೇ ಇದೆ, ಕಲಬುರಗಿ ಜಿಲ್ಲೆಯ ಶಹಾಬಾದ್ ಫರಸಿ ದೂರವಿಲ್ಲ. ಆದರೆ ಇವೆರಡರ ಗುಣ ಒಂದೇ ಅಲ್ಲ. ಶಹಾಬಾದ್ ಸುಣ್ಣದಕಲ್ಲಾದ್ದರಿಂದ ಹುಣಸೆಹಣ್ಣು, ಲಿಂಬೆ, ಮಜ್ಜಿಗೆ ಚೆಲ್ಲಿದರೆ ಹುಳಿ ಅದನ್ನು ತಿಂದು ಬಿಳಿ ಕಲೆ ಬಿಡುತ್ತದೆ. ನೆಲಕ್ಕೆ ಅದು ತಂಪಾಗಿ ಬಹಳ ಚೆನ್ನ, ಕಟ್ಟೆಗೆ ಬೇಡ. ಗ್ರಾನೈಟಿಗೆ ಅಡುಗೆಯ ಹುಳಿ ತಗಲುವುದಿಲ್ಲ. ತಿಳಿಬಣ್ಣದ ಕಲ್ಲಾದರೆ ಅರಿಷಿಣದ ಗುರುತು ಉಳಿಯುತ್ತದೆ, ಇಳಕಲ್ಲಿನ ಕೆಂಪಿನಲ್ಲಿ ಅದು ಕಾಣುವುದೇ ಇಲ್ಲ. ಅಂಗಡಿಯಿಂದ ಒಂದು ತುಂಡು ತಂದು, ಅದರ ಮೇಲೆ ರಾತ್ರಿ ಲಿಂಬೆಹೋಳು ಮತ್ತು ಅರಿಷಿಣದ ಎಣ್ಣೆ ಹಚ್ಚಿಟ್ಟು ಬೆಳಿಗ್ಗೆ ಒರೆಸಿ ನೋಡಿದರೆ ಮಾರುವವರ ಮಾತಿಗೆ ಕಾಯಬೇಕಾಗಿಲ್ಲ.

ಕೆಳಗಿನ ಕಪಾಟುಗಳಿಗೆ ಪೂರ್ತಿ ಪ್ಲೈವುಡ್ ಬಳಸುವುದಕ್ಕಿಂತ ಇಟ್ಟಿಗೆ ಗೋಡೆ ಮತ್ತು ಕಡಪಾ ಕಲ್ಲಿನ ಅಂತಸ್ತು ಮಾಡಿಸಿ, ಬಾಗಿಲುಗಳನ್ನು ಮಾತ್ರ ಬಡಿಗೇರರಿಂದ ಮಾಡಿಸುವುದು ನನ್ನ ದೃಷ್ಟಿಯಲ್ಲಿ ಉತ್ತಮ. ಗೆದ್ದಲಿನ ಭಯವಿಲ್ಲ, ಸಿಂಕು ಸೋರಿದರೂ ಉಬ್ಬುವುದಿಲ್ಲ. ಪ್ಲೈವುಡ್ಡೇ ಬೇಕಾದರೆ ಸಿಂಕಿನ ಸುತ್ತ ನೀರು ತಾಳುವ ಐಎಸ್ 710 ಗುರುತಿನದನ್ನು ಕೇಳಬೇಕು. ಕಂಪನಿಗಳ ಚಿತ್ರಪುಸ್ತಕಗಳಲ್ಲಿ ಕಪ್ಪುಬಸಿಗಳಿಗೆ ಎಂಟು ಸೆಳೆಖಾನೆಗಳಿರುತ್ತವೆ, ವರ್ಷದ ಜೋಳ, ತೊಗರಿ, ಕಡಲೆ ತುಂಬಿಡುವ ಡಬ್ಬಿಗಳಿಗೆ ಮಾತ್ರ ಜಾಗವಿರುವುದಿಲ್ಲ. ಮನೆಯ ಅತಿ ದೊಡ್ಡ ಡಬ್ಬಿಯನ್ನು ಅಳೆದು, ಒಂದು ಖಾನೆಯನ್ನು ಅಂತಸ್ತಿಲ್ಲದೆ ಬಿಡಿಸಬೇಕು.

ವಿದ್ಯುತ್ತು ಮತ್ತು ಅನಿಲ

ಯಂತ್ರಗಳ ಪಟ್ಟಿಯನ್ನು ತಂತಿ ಎಳೆಯುವ ಮೊದಲೇ ಬರೆಯಬೇಕು. 2000 ವಾಟ್‌ನ ಇಂಡಕ್ಷನ್ ಒಲೆ ಸುಮಾರು 9 ಆಂಪಿಯರ್ ಎಳೆಯುತ್ತದೆ, ಆದ್ದರಿಂದ 6 ಆಂಪಿಯರಿನ ಸಾಮಾನ್ಯ ಪ್ಲಗ್ಗಿಗೆ ಅದನ್ನು ಹಾಕಬಾರದು. ಇಂಡಕ್ಷನ್, ಓವನ್ ಮತ್ತು ಫ್ರಿಜ್ಜಿಗೆ ಪ್ರತ್ಯೇಕ 16 ಆಂಪಿಯರ್ ಪ್ಲಗ್ಗುಗಳಿರಲಿ. ಅವುಗಳ ತಂತಿ ಕನಿಷ್ಠ 2.5 ಚದರ ಮಿಲಿಮೀಟರ್, ಸಾಧ್ಯವಾದರೆ 4 ಇರಲಿ. ಅಡುಗೆಮನೆಯ ಲೈನಿಗೆ 30 ಮಿಲಿಆಂಪಿಯರಿನ ಆರ್‌ಸಿಸಿಬಿ (ವಿದ್ಯುತ್ತು ಸೋರಿದ ಕೂಡಲೇ ಲೈನನ್ನು ಕಡಿಯುವ ಸ್ವಿಚ್ಚು) ಹಾಕಿಸಿದರೆ ಒದ್ದೆ ಕೈಯ ಆಘಾತದಿಂದ ಜೀವ ಉಳಿಯುತ್ತದೆ. ಗಿಲಾವು ಮುಚ್ಚುವ ಮೊದಲು ಪ್ರತಿ ಗೋಡೆಗೂ ಟೇಪು ಹಿಡಿದು ಪೈಪು ಮತ್ತು ತಂತಿಗಳ ಫೋಟೋ ತೆಗೆದಿಡಬೇಕು. ಮುಂದೆ ಮೊಳೆ ಹೊಡೆಯುವಾಗ ಅದರಷ್ಟು ಉಪಯುಕ್ತವಾದದ್ದು ಇನ್ನೊಂದಿಲ್ಲ.

ಅಡುಗೆ ಅನಿಲ ಗಾಳಿಗಿಂತ ಭಾರವಾದದ್ದು, ಸೋರಿದರೆ ನೆಲದ ಮೇಲೆ ಹರಡಿಕೊಳ್ಳುತ್ತದೆ. ಹೀಗಾಗಿ ಸಿಲಿಂಡರಿನ ಖಾನೆಯ ಬಾಗಿಲಿಗೆ ಕೆಳತುದಿಯಲ್ಲಿ ರಂಧ್ರಗಳಿರಬೇಕು, ಸಿಲಿಂಡರು ನೇರವಾಗಿ ನಿಂತಿರಬೇಕು, ಒಲೆ ಅದಕ್ಕಿಂತ ಮೇಲಿರಬೇಕು. ಐಎಸ್‌ಐ ಗುರುತಿನ ಕೊಳವೆಯನ್ನು ಐದು ವರ್ಷಕ್ಕೊಮ್ಮೆ ಬದಲಿಸಬೇಕು, ಅದನ್ನು ಗೋಡೆಯೊಳಗೆ ಹುದುಗಿಸಬಾರದು.

ವಾಸ್ತುವಿನ ಪ್ರಕಾರ ಒಲೆ ಆಗ್ನೇಯ ಮೂಲೆಯಲ್ಲಿರಬೇಕೆಂದು ಹೆಚ್ಚಿನವರು ಬಯಸುತ್ತಾರೆ. ಒಲೆಯನ್ನು ಸರಿಸುವುದು ಸುಲಭ, ಸಿಂಕನ್ನು ಸರಿಸುವುದು ದುಬಾರಿ. ಆದ್ದರಿಂದ ಬಚ್ಚಲ ಪೈಪಿನ ದಿಕ್ಕನ್ನು ಮೊದಲು ನೋಡಿಕೊಂಡು, ಒಲೆಯನ್ನು ಅದಕ್ಕೆ ಹೊಂದಿಸುವುದು ಜಾಣತನ. ಪಡುವಣ ಕಿಟಕಿಯ ಎದುರು ಮಾತ್ರ ಒಲೆ ಬೇಡ, ಏಪ್ರಿಲ್ ಮೇ ತಿಂಗಳಿನ ಸಂಜೆ ಅಲ್ಲಿ ನಿಲ್ಲಲಾಗದು.

ನಾಲ್ಕು ವಾರಗಳ ಊಟ

ಒಡೆಯಲು ಎರಡು ದಿನ, ಪೈಪು ಮತ್ತು ತಂತಿಗೆ ನಾಲ್ಕು, ಗಿಲಾವು ಮತ್ತು ಕಟ್ಟೆಗೆ ಮೂರು, ನಂತರ ನೀರುಣಿಸಿ ಕಾಯುವ ದಿನಗಳು, ಆಮೇಲೆ ಕಲ್ಲು, ಟೈಲ್ಸ್ ಮತ್ತು ಬಾಗಿಲು: ಒಟ್ಟು ನಾಲ್ಕು ವಾರ ಹಿಡಿದುಕೊಳ್ಳಬೇಕು. ಕಾಂಕ್ರೀಟ್ ಕಟ್ಟೆಗೆ ಕನಿಷ್ಠ 7 ದಿನ ನೀರುಣಿಸಬೇಕು. ಬೂದಿ ಬೆರೆಸಿದ ಪಿಪಿಸಿ ಸಿಮೆಂಟಾದರೆ 10 ದಿನ, ಬಿರುಬೇಸಿಗೆಯಲ್ಲಿ 14. ಕೆಲಸದವರಿಗೆ ಆತುರವಿದ್ದರೂ ಇದರಲ್ಲಿ ರಾಜಿ ಬೇಡ. ಅಂದಾಜು ಖರ್ಚಿನ ಮೇಲೆ ನೂರಕ್ಕೆ ಹತ್ತರಿಂದ ಹದಿನೈದು ಪಾಲು ಎತ್ತಿಟ್ಟಿರಬೇಕು, ಹಳೆಯ ಗೋಡೆ ಒಡೆದಾಗ ಒಳಗಿನಿಂದ ಏನು ಬರುವುದೆಂದು ಒಡೆಯುವವರೆಗೆ ತಿಳಿಯುವುದಿಲ್ಲ. ಪಂಚಮಿಗೆ ಮನೆಯ ಹೆಣ್ಣುಮಕ್ಕಳು ಬರುವ ತಿಂಗಳಿನಲ್ಲಿ ಕೆಲಸ ಹಿಡಿಯಬಾರದು. ಸಂಕ್ರಾಂತಿ ಕಳೆದ ಮೇಲೆ ಹಿಡಿದರೆ ಮಳೆಯ ಕಾಟವಿಲ್ಲ, ಯುಗಾದಿಗೆ ಮುಗಿಯುತ್ತದೆ, ಸುಲಗಾಯಿ (ಹಸಿ ಕಡಲೆಕಾಯಿ ಗಿಡ) ಸುಟ್ಟು ತಿನ್ನುವ ಕಾಲ ಮುಗಿದು ಹೊಸ ಕಡಲೆ ಬರುವ ಹೊತ್ತೂ ಅದೇ.

ಈ ದಿನಗಳಲ್ಲಿ ಹಿತ್ತಲು ಅಥವಾ ಪಡಸಾಲೆಯ ಗಾಳಿಯಾಡುವ ಜಾಗದಲ್ಲಿ ಒಂದು ಒಲೆ, ಒಂದು ಕುಕ್ಕರು, ಒಂದು ಬಾಣಲೆ ಇದ್ದರೆ ಕಡಲೆ ಮನೆಯವರನ್ನು ಸಾಕುತ್ತದೆ. ರೊಟ್ಟಿ ಮಾತ್ರ ಕೆಲಸ ಶುರುವಾಗುವ ಮೊದಲೇ ಬಡಿದು ಒಣಗಿಸಿದ ಖಡಕ್ ರೊಟ್ಟಿಯಾಗಿರಲಿ.

ಅತಿ ಬೇಗ ಆಗುವುದು ಝುಣಕ. ಒಂದು ಬಟ್ಟಲು ಕಡಲೆಹಿಟ್ಟನ್ನು ಎರಡು ಬಟ್ಟಲು ತಣ್ಣೀರಿನಲ್ಲಿ ಗಂಟಿಲ್ಲದಂತೆ ಕಲಸಿಡಬೇಕು. ಮೂರು ಚಮಚ ಎಣ್ಣೆಯಲ್ಲಿ ಸಾಸಿವೆ, ಜೀರಿಗೆ, ಇಂಗು, ಜಜ್ಜಿದ ಬೆಳ್ಳುಳ್ಳಿ, ಉಳ್ಳಾಗಡ್ಡಿ, ಅರಿಷಿಣ ಮತ್ತು ಒಂದು ಚಮಚ ಖಾರಪುಡಿ ಬಾಡಿಸಿ, ಉಪ್ಪು ಹಾಕಿ, ಕಲಸಿದ ಹಿಟ್ಟನ್ನು ಸುರಿದು ಬಿಡದೆ ತಿರುವಬೇಕು. ಗಟ್ಟಿಯಾದ ಕೂಡಲೇ ಬೆಂದಿತೆಂದು ತಿಳಿಯಬಾರದು. ಮುಚ್ಚಿ ಸಣ್ಣ ಉರಿಯಲ್ಲಿ ಇನ್ನೂ ಆರೇಳು ನಿಮಿಷ ಬಿಟ್ಟರೆ ಮಾತ್ರ ಹಸಿವಾಸನೆ ಹೋಗುತ್ತದೆ. ನೀರನ್ನು ಒಂದೂವರೆ ಬಟ್ಟಲಿಗೆ ಇಳಿಸಿ, ಎಣ್ಣೆ ಸವರಿದ ತಾಟಿನಲ್ಲಿ ಅರ್ಧ ಇಂಚು ದಪ್ಪಕ್ಕೆ ಹರಡಿ, ಒಣಕೊಬ್ಬರಿ ಉದುರಿಸಿ ಕೊಯ್ದರೆ ಅದೇ ಝುಣಕದ ವಡಿಯಾಗುತ್ತದೆ, ಮರುದಿನದ ಬುತ್ತಿಗೂ ಬರುತ್ತದೆ.

ಒಲೆ ಹಚ್ಚಲಾಗದ ದಿನಕ್ಕೆ ಪುಟಾಣಿ (ಹುರಿಗಡಲೆ) ಚಟ್ನಿ ಸಾಕು. ಒಂದು ಬಟ್ಟಲು ಪುಟಾಣಿ, ನಾಲ್ಕು ಹಸಿಮೆಣಸಿನಕಾಯಿ, ಎರಡು ಎಸಳು ಬೆಳ್ಳುಳ್ಳಿ, ಹಿಡಿ ಕೊತ್ತಂಬರಿ, ಉಪ್ಪು ಮತ್ತು ಲಿಂಬೆರಸವನ್ನು ನೀರು ಹಾಕಿ ರುಬ್ಬಿ, ಮೊಸರು ಬೆರೆಸಿ ತಿನ್ನಬಹುದು. ಎರಡು ಗಂಟೆ ನೆನೆಸಿದ ಕಡಲೆಬೇಳೆಗೆ ಸೌತೆಕಾಯಿ, ಕೊಬ್ಬರಿ, ಲಿಂಬೆ ಸೇರಿಸಿದರೆ ಕೋಸಂಬರಿ.

ಹೊಸ ಅಡುಗೆಮನೆಯ ಪರೀಕ್ಷೆ

ಎಲ್ಲ ಮುಗಿದ ದಿನ ಸಂಪ್ರದಾಯದಂತೆ ಹಾಲು ಉಕ್ಕಿಸಿರಿ, ಆದರೆ ಅದಕ್ಕೂ ಮೊದಲು ರೆಗ್ಯುಲೇಟರಿನ ಸಂದುಗಳಿಗೆ ಸಾಬೂನು ನೀರು ಹಚ್ಚಿ ಗುಳ್ಳೆ ಏಳುವುದೇ ಎಂದು ನೋಡಬೇಕು. ಕೊನೆಯ ಕಂತಿನ ಹಣ ಕೊಡುವ ಮುನ್ನ ಖಾರದ ಕಡಲೆ ಸಾರು ಮಾಡಬೇಕು. ಒಂದು ಬಟ್ಟಲು ಕಡಲೆಯನ್ನು ನೆನೆಸಿ, ಬೇಯಿಸಿ, ಬೆಂದ ನೀರನ್ನು ಚೆಲ್ಲದೆ ಇಡಬೇಕು. ಉಳ್ಳಾಗಡ್ಡಿ, ಒಣಕೊಬ್ಬರಿ, ಕೊತ್ತಂಬರಿ ಬೀಜ ಮತ್ತು ಬೆಳ್ಳುಳ್ಳಿಯನ್ನು ಕೆಂಪಗೆ ಹುರಿದು, ಬೆಂದ ಕಡಲೆಯ ಒಂದು ಹಿಡಿಯೊಂದಿಗೆ ನುಣ್ಣಗೆ ರುಬ್ಬಿದರೆ ಸಾರು ತಾನಾಗಿ ಮಂದವಾಗುತ್ತದೆ. ನಾಲ್ಕು ಚಮಚ ಎಣ್ಣೆ ಚೆನ್ನಾಗಿ ಕಾದ ಮೇಲೆ ಸಾಸಿವೆ, ಕರಿಬೇವು, ಎರಡು ಚಮಚ ಮಸಾಲೆಖಾರ ಹಾಕಿ, ಅದು ಕರಕಾಗುವ ಮೊದಲೇ ರುಬ್ಬಿದ್ದನ್ನೂ ಕಡಲೆಯನ್ನೂ ಬೆಂದ ನೀರನ್ನೂ ಸುರಿದು, ಹುಣಸೆರಸ ಮತ್ತು ಉಪ್ಪು ಹಾಕಿ ಹತ್ತು ನಿಮಿಷ ಕುದಿಸಬೇಕು.

ಎಣ್ಣೆಗೆ ಖಾರ ಬಿದ್ದ ಆ ಕ್ಷಣದಲ್ಲಿ ಮನೆಯವರೊಬ್ಬರು ಪಡಸಾಲೆಯಲ್ಲಿ ಕೂತಿರಬೇಕು. ಅವರಿಗೆ ಕೆಮ್ಮು ಬಂದರೆ ಘಾಟು ಹೊರಗೆ ಹೋಗದೆ ಒಳಗೆ ಬರುತ್ತಿದೆ ಎಂದೇ ಅರ್ಥ: ಎಕ್ಸಾಸ್ಟ್ ಫ್ಯಾನು ಒಲೆಯಿಂದ ದೂರವಾಗಿರಬಹುದು, ಹಿಮ್ಮುಖವಾಗಿ ತಿರುಗುತ್ತಿರಬಹುದು, ಅಥವಾ ಅದು ಹೊರಗೆ ತಳ್ಳಿದಷ್ಟು ಗಾಳಿ ಒಳಗೆ ಬರಲು ಎದುರು ಕಿಟಕಿ ತೆರೆದಿಲ್ಲದಿರಬಹುದು. ಕಿಟಕಿ ತೆರೆದು ಮತ್ತೊಮ್ಮೆ ಒಗ್ಗರಣೆ ಹಾಕಿ ನೋಡಿ, ಆಗಲೂ ಕೆಮ್ಮು ಬಂದರೆ ಎಲೆಕ್ಟ್ರಿಷಿಯನ್‌ಗೆ ಫೋನು ಮಾಡಿ ಸಾರಿನ ಊಟಕ್ಕೆ ಕರೆಯಬೇಕು. ಹಣವನ್ನು ಫ್ಯಾನು ಸರಿಯಾದ ಮೇಲೆ ಕೊಡಬಹುದು.